ಡೀಬಗ್ ಫಾಲ್ಸ್ ಅಂತ ಕೊಟ್ಟರೂ ಡೀಬಗ್ ಆನ್: ಸೆಟ್ಟಿಂಗ್‌ಗಳನ್ನು ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಇಡಬೇಕಾ, ಫೈಲ್‌ನಲ್ಲಾ?

ಹಿಂಜವಡಿ ಹುಡುಗ
ಪುಣೆಯ ಒಂದು ಖಾನಾವಳಿಗೆ ಟಿಫಿನ್ ಆರ್ಡರ್ ತಗೊಳ್ಳೋ ಜಾಂಗೋ (ಪೈಥಾನ್‌ನ ವೆಬ್ ಫ್ರೇಮ್‌ವರ್ಕ್) ಆ್ಯಪ್ ಮಾಡಿಕೊಟ್ಟಿದ್ದೆ. ಲೈವ್ ಸರ್ವರ್‌ನಲ್ಲಿ ಡೀಬಗ್ (ತಪ್ಪಾದಾಗ ಒಳಗಿನ ವಿವರ ತೋರಿಸೋ ಸ್ವಿಚ್) ಅನ್ನೋ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ, ಅಂದರೆ ಕೋಡ್‌ನ ಹೊರಗೆ ಸಿಸ್ಟಂನಲ್ಲಿ ಇಡೋ ಸೆಟ್ಟಿಂಗ್‌ಗೆ, ಫಾಲ್ಸ್ ಅಂತಲೇ ಕೊಟ್ಟಿದ್ದೆ. ಆದರೂ ಶನಿವಾರ ಮಧ್ಯಾಹ್ನ, ಸರಿಯಾಗಿ ಊಟದ ಹೊತ್ತಿಗೆ, ಗಿರಾಕಿಯೊಬ್ಬರು ಸ್ಕ್ರೀನ್‌ಶಾಟ್ ಕಳಿಸಿದರು. ನೋಡಿದರೆ ಜಾಂಗೋದ ಆ ಹಳದಿ ಎರರ್ ಪೇಜ್. ಕೋಡ್‌ನ ಸಾಲು, ಫಂಕ್ಷನ್ ಒಳಗಿದ್ದ ಡೇಟಾ, ಅದರಲ್ಲಿ ಅವರದೇ ಫೋನ್ ನಂಬರ್ ಮತ್ತು ಮನೆ ವಿಳಾಸ, ಎಲ್ಲಾ ಬಯಲು. ಹುಡುಕಿದಾಗ ತಪ್ಪು ಒಂದೇ ಸಾಲಿನಲ್ಲಿತ್ತು. ವೇರಿಯಬಲ್ ಓದಿ ನೇರವಾಗಿ ಪೈಥಾನ್‌ನ ಬೂಲ್ ಅನ್ನೋ ಹೌದು-ಇಲ್ಲ ಫಂಕ್ಷನ್‌ಗೆ ಕೊಟ್ಟಿದ್ದೆ. ಖಾಲಿ ಇಲ್ಲದ ಯಾವ ಸ್ಟ್ರಿಂಗ್ (ಅಕ್ಷರಗಳ ಸಾಲು) ಆದರೂ ಬೂಲ್‌ಗೆ ಟ್ರೂ ತಾನೇ, ಅದು ಫಾಲ್ಸ್ ಅನ್ನೋ ಪದವೇ ಆಗಿದ್ದರೂ. ಈಗ ನಮ್ಮ ತಂಡದಲ್ಲಿ ಜಗಳ: ಇದನ್ನೆಲ್ಲ ಬಿಟ್ಟು ಕಾನ್ಫಿಗ್ ಫೈಲ್‌ಗೆ ಹೋಗೋಣ ಅಂತ ಇಬ್ಬರು ಹಟ ಹಿಡಿದಿದ್ದಾರೆ. ನೀವೇನು ಹೇಳುತ್ತೀರಿ?

ಕೊಥ್ರೂಡ್ ಕಟ್ಟೆ
ಆ ಇಬ್ಬರು ಹೇಳೋದು ಸರಿ. ಎನ್ವಿರಾನ್‌ಮೆಂಟ್‌ಗೆ ಗೊತ್ತಿರೋದು ಬರೀ ಅಕ್ಷರ. ಪೋರ್ಟ್ ನಂಬರ್ ಆದರೂ ಅಕ್ಷರ, ಹೌದು-ಇಲ್ಲ ಆದರೂ ಅಕ್ಷರ, ಹತ್ತು ಹೋಸ್ಟ್‌ಗಳ ಪಟ್ಟಿ ಕೊಡಬೇಕಾದರೆ ಕಾಮಾ ಹಾಕಿ ಒಂದೇ ಸಾಲಿಗೆ ತುರುಕಬೇಕು. ಟಾಮ್ಲ್ ಅನ್ನೋ ಮಾದರಿಯ ಕಾನ್ಫಿಗ್ ಫೈಲ್‌ನಲ್ಲಿ ನಂಬರ್ ನಂಬರಾಗಿಯೇ ಇರುತ್ತದೆ, ಪಕ್ಕದಲ್ಲಿ ಕಾಮೆಂಟ್ ಬರೆಯಬಹುದು, ಯಾರು ಯಾವಾಗ ಬದಲಿಸಿದರು ಅಂತ ಕೋಡ್‌ನ ಬದಲಾವಣೆಗಳ ಲೆಕ್ಕ ಇಡೋ ಗಿಟ್ ಹೇಳುತ್ತದೆ. ಎನ್ವಿರಾನ್‌ಮೆಂಟ್‌ನಲ್ಲಿ ಯಾರೋ ರಾತ್ರಿ ಸರ್ವರ್‌ಗೆ ಲಾಗಿನ್ ಆಗಿ ಒಂದು ವೇರಿಯಬಲ್ ತಿದ್ದಿದರೆ ಬೆಳಿಗ್ಗೆ ಯಾರಿಗೂ ಗೊತ್ತಾಗಲ್ಲ.

ಮಾಟುಂಗಾ ಮಾವ
ಕಟ್ಟೆಯವರೇ, ಆ ಫೈಲ್ ಗಿಟ್‌ಗೆ ಹೋಗುತ್ತದೆ ಅಂದಿರಲ್ಲ, ನನಗೆ ಭಯ ಇರೋದೇ ಅಲ್ಲಿ. 2011ರ ಸುಮಾರಿಗೆ ಆ್ಯಪ್ ಹೋಸ್ಟಿಂಗ್ ಕಂಪನಿ ಹೆರೋಕು ಮಂದಿ ವೆಬ್ ಆ್ಯಪ್‌ಗಳಿಗೆ ಹನ್ನೆರಡು ಸೂತ್ರ ಬರೆದರು, ಮೂರನೆಯದು ಕಾನ್ಫಿಗ್ ಬಗ್ಗೆ. ಅದರಲ್ಲಿ ಒಂದು ಪರೀಕ್ಷೆ ಇದೆ: ಈ ಕ್ಷಣ ನಿಮ್ಮ ಕೋಡ್ ಪೂರ್ತಿ ಊರಿಗೆಲ್ಲ ತೆರೆದಿಟ್ಟರೆ ಒಂದು ಪಾಸ್‌ವರ್ಡೂ ಹೊರಗೆ ಬೀಳಬಾರದು. ನಾನು ಮುಂಚೆ ಇದ್ದ ಕಡೆ ಡೇಟಾಬೇಸ್ ಪಾಸ್‌ವರ್ಡ್ ಫೈಲ್‌ನಲ್ಲೇ ಕಮಿಟ್ ಆಗಿ ಗಿಟ್‌ನಲ್ಲಿ ದಾಖಲಾಗಿತ್ತು. ಮರುದಿನ ಅಳಿಸಿದರು, ಮುಗಿಯಿತು ಅಂದುಕೊಂಡರು. ಎಲ್ಲಿ ಮುಗಿಯುತ್ತದೆ? ಹಳೇ ಕಮಿಟ್ ತೆಗೆದು ನೋಡಿದರೆ ಹಾಗೇ ಇದೆ. ಕೊನೆಗೆ ಪಾಸ್‌ವರ್ಡನ್ನೇ ಬದಲಿಸಬೇಕಾಯಿತು.
ಇನ್ನೊಂದು, ಅದೇ ಡಾಕರ್ ಇಮೇಜ್, ಅಂದರೆ ಆ್ಯಪನ್ನೂ ಅದಕ್ಕೆ ಬೇಕಾದ್ದನ್ನೂ ಒಟ್ಟಿಗೆ ಕಟ್ಟಿಟ್ಟ ಪೊಟ್ಟಣ, ಪುಣೆಯ ಟೆಸ್ಟ್ ಮೆಷಿನ್‌ನಲ್ಲೂ ಓಡಬೇಕು, ಮುಂಬೈ ಸರ್ವರ್‌ನಲ್ಲೂ ಓಡಬೇಕು. ಜಾಗ ಬದಲಾದಾಗ ಬದಲಾಗೋದು ಮಾತ್ರ ಹೊರಗಿನಿಂದ ಬರಲಿ. ಹೋಸ್ಟ್ ಪಟ್ಟಿ ಬಿಟ್ಟರೆ ನಿಮ್ಮ ಉಳಿದದ್ದೆಲ್ಲ ಫೈಲ್‌ನಲ್ಲೇ ಇರಲಿ, ನನ್ನ ತಕರಾರಿಲ್ಲ.

ಮಡಗಾಂವ್ ಮಳೆ
ಹೊರಗಿನಿಂದ ಬಂದರೆ ಗುಟ್ಟು ಅಂತ ಮಾತ್ರ ಅಂದುಕೊಳ್ಳಬೇಡಿ. ಗೋವಾದಲ್ಲಿ ನಮ್ಮದು ಹೋಮ್‌ಸ್ಟೇ ಬುಕಿಂಗ್ ಸೈಟ್, ನಾನು ಫ್ರಂಟ್‌ಎಂಡ್ (ಬ್ರೌಸರ್‌ನಲ್ಲಿ ಓಡೋ ಭಾಗ) ನೋಡುತ್ತೇನೆ. ಹೊಸದಾಗಿ ಸೇರಿದ ಹುಡುಗನಿಗೆ ಪೇಮೆಂಟ್‌ನ ಸೀಕ್ರೆಟ್ ಕೀ ಕೋಡ್‌ನಲ್ಲಿ ಅನ್‌ಡಿಫೈನ್ಡ್ ಅಂತ ಬರುತ್ತಿತ್ತು. ಹೆಸರಿನ ಶುರುವಿಗೆ ವೀಟ್ ಅಂತ, ನಾವು ಬಳಸೋ ಬಿಲ್ಡ್ ಟೂಲ್‌ನ ಹೆಸರು, ಸೇರಿಸಿದ, ತಕ್ಷಣ ಸಿಕ್ಕಿತು, ಖುಷಿಯಾದ. ಆ ಪ್ರಿಫಿಕ್ಸ್ ಇದ್ದರೆ ಬಿಲ್ಡ್ ಮಾಡುವಾಗಲೇ ಆ ವೇರಿಯಬಲ್‌ನ ವ್ಯಾಲ್ಯೂ ಜಾವಾಸ್ಕ್ರಿಪ್ಟ್ ಒಳಗೆ ಅಚ್ಚಾಗಿಬಿಡುತ್ತದೆ, ಬ್ರೌಸರ್‌ನಲ್ಲಿ ಸೋರ್ಸ್ ತೆರೆದು ಹುಡುಕಿದರೆ ಯಾರಿಗಾದರೂ ಕಾಣುತ್ತದೆ. ರಿವ್ಯೂನಲ್ಲಿ ಕಣ್ಣಿಗೆ ಬಿತ್ತು, ಲೈವ್‌ಗೆ ಹೋಗಲಿಲ್ಲ. ಅಚ್ಚಾಗಿರೋದರಿಂದ ಆಮೇಲೆ ಸರ್ವರ್‌ನಲ್ಲಿ ವೇರಿಯಬಲ್ ಬದಲಿಸಿದರೂ ಏನೂ ಆಗಲ್ಲ, ಮತ್ತೆ ಬಿಲ್ಡ್ ಮಾಡಲೇಬೇಕು.

ಕೊಥ್ರೂಡ್ ಕಟ್ಟೆ
ನೋಡಿದಿರಾ ಮಾವ? ಸರ್ವರ್‌ನಲ್ಲಿ ಓಡೋ ಬ್ಯಾಕೆಂಡ್‌ನಲ್ಲೂ ಅಷ್ಟೇ. ಆ್ಯಪ್ ಇನ್ನೊಂದು ಪ್ರೋಗ್ರಾಂ ಶುರು ಮಾಡಿದರೆ, ಫೋಟೋ ಚಿಕ್ಕದು ಮಾಡೋ ಟೂಲ್ ಇರಲಿ ಪಿಡಿಎಫ್ ಮಾಡೋದಿರಲಿ, ಬೇರೆ ಏನೂ ಹೇಳದಿದ್ದರೆ ಇಡೀ ಎನ್ವಿರಾನ್‌ಮೆಂಟ್ ಅದಕ್ಕೂ ಹೋಗುತ್ತದೆ. ಡಾಕರ್ ಇನ್‌ಸ್ಪೆಕ್ಟ್ ಅನ್ನೋ ಕಮಾಂಡ್ ಹೊಡೆಯಿರಿ, ಪಾಸ್‌ವರ್ಡ್ ಕಣ್ಣೆದುರಿಗೆ. ಪಿಡಿಎಫ್ ಮಾಡೋದಕ್ಕೆ ಡೇಟಾಬೇಸ್ ಪಾಸ್‌ವರ್ಡ್ ಯಾಕೆ ಬೇಕು, ಹೇಳಿ?

ಮಾಟುಂಗಾ ಮಾವ
ಬೇಡ. ಈ ಮಾತು ಒಪ್ಪುತ್ತೇನೆ. ಅದಕ್ಕೇ ಗುಟ್ಟಿನ ವಿಷಯ ಬಂದರೆ ನಾನೀಗ ಡಾಕರ್ ಸೀಕ್ರೆಟ್ ಬಳಸುತ್ತೇನೆ. ಗುಟ್ಟು ಕಂಟೇನರ್ (ಓಡುತ್ತಿರೋ ಇಮೇಜ್) ಒಳಗೆ ರನ್ ಫೋಲ್ಡರ್‌ನ ಸೀಕ್ರೆಟ್ಸ್‌ನಲ್ಲಿ ಒಂದು ಫೈಲ್ ಆಗಿ ಬರುತ್ತದೆ, ವೇರಿಯಬಲ್‌ನಲ್ಲಿ ಆ ಫೈಲ್ ಎಲ್ಲಿದೆ ಅನ್ನೋದು ಮಾತ್ರ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಅಧಿಕೃತ ಇಮೇಜ್ ಕೂಡ ಪಾಸ್‌ವರ್ಡ್ ವೇರಿಯಬಲ್‌ನ ಹೆಸರಿನ ಕೊನೆಗೆ ಫೈಲ್ ಅಂತ ಸೇರಿಸಿದರೆ ಹೀಗೇ ಓದಿಕೊಳ್ಳುತ್ತದೆ.

ಡೊಂಬಿವಲಿ ಫಾಸ್ಟ್
ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ನಾನು ಎನ್ವಿ ಫೈಲ್‌ನಲ್ಲಿ (ವೇರಿಯಬಲ್‌ಗಳನ್ನು ಬರೆದಿಡೋ ಫೈಲ್) ಪಾಸ್‌ವರ್ಡ್ ಬದಲಿಸಿ, ಕಂಟೇನರ್‌ಗಳನ್ನು ಓಡಿಸೋ ಡಾಕರ್ ಕಂಪೋಸ್‌ಗೆ ರೀಸ್ಟಾರ್ಟ್ ಕೊಟ್ಟೆ. ಮೂರು ಸಲ ಕೊಟ್ಟೆ. ಹಳೇ ಪಾಸ್‌ವರ್ಡೇ ಬರುತ್ತಿದೆ.

ಮಾಟುಂಗಾ ಮಾವ
ರೀಸ್ಟಾರ್ಟ್ ಅಂದರೆ ಇದ್ದ ಕಂಟೇನರನ್ನೇ ನಿಲ್ಲಿಸಿ ಎಬ್ಬಿಸೋದು, ಮರಿ. ಎನ್ವಿರಾನ್‌ಮೆಂಟ್ ಕಂಟೇನರ್ ಹುಟ್ಟುವಾಗಲೇ ಗಟ್ಟಿಯಾಗಿರುತ್ತದೆ. ಕಂಪೋಸ್ ಅಪ್ ಕೊಡು, ಬದಲಾಗಿದೆ ಅಂತ ನೋಡಿ ಹೊಸದು ಮಾಡುತ್ತದೆ. ಪಾಸ್‌ವರ್ಡ್‌ನಲ್ಲಿ ಡಾಲರ್ ಚಿಹ್ನೆ ಇದ್ದರೆ ಸಿಂಗಲ್ ಕೋಟ್ ಒಳಗೆ ಹಾಕು, ಇಲ್ಲದಿದ್ದರೆ ಕಂಪೋಸ್ ಅದನ್ನ ಇನ್ನೊಂದು ವೇರಿಯಬಲ್ ಅಂದುಕೊಳ್ಳುತ್ತದೆ.

ಡೊಂಬಿವಲಿ ಫಾಸ್ಟ್
ಬಂತು! ಡಾಲರ್ ಕೂಡ ಇತ್ತು.

ಹಿಂಜವಡಿ ಹುಡುಗ
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಕೂತು ಮಾಡಿದ್ದು ಇಷ್ಟು. ಎನ್ವಿರಾನ್‌ಮೆಂಟ್ ಓದೋ ಕೆಲಸ ಹದಿನೇಳು ಕಡೆ ಹರಡಿತ್ತು, ಎಲ್ಲಾ ಒಂದೇ ಸೆಟ್ಟಿಂಗ್ಸ್ ಫೈಲ್‌ಗೆ ತಂದೆ. ಆ್ಯಪ್ ಏಳುವಾಗಲೇ ಪ್ರತಿ ವೇರಿಯಬಲ್ ಪರೀಕ್ಷೆ ಆಗುತ್ತದೆ. ಪೋರ್ಟ್ ನಂಬರ್ ಆಗದಿದ್ದರೆ, ಡೀಬಗ್‌ನಲ್ಲಿ ಟ್ರೂ ಅಥವಾ ಫಾಲ್ಸ್ ಬಿಟ್ಟು ಬೇರೆ ಪದ ಬಂದರೆ, ಹೆಸರು ಹೇಳಿ ಅಲ್ಲೇ ನಿಲ್ಲುತ್ತದೆ. ಸುಮ್ನೆ ನೋ ಅಂತ ಕೊಟ್ಟು ನೋಡಿದೆ, ಏಳಲೇ ಇಲ್ಲ. ವ್ಯಾಲ್ಯೂ ಖಾಲಿ ಬಿಟ್ಟ ಮಾದರಿ ಎನ್ವಿ ಫೈಲ್ ಒಂದನ್ನ ಗಿಟ್‌ಗೆ ಹಾಕಿದ್ದೇನೆ, ಕಟ್ಟೆಯವರು ಕೇಳಿದ ಕಾಮೆಂಟ್‌ಗಳು ಅದರಲ್ಲಿವೆ. ಫೋನ್ ನಂಬರ್ ಬಯಲಾದ ಗಿರಾಕಿಗೆ ಫೋನ್ ಮಾಡಿ ಆದದ್ದು ಹೇಳಿ ಕ್ಷಮೆ ಕೇಳಿದೆ.

ಕೊಥ್ರೂಡ್ ಕಟ್ಟೆ
ಒಳ್ಳೆ ಕೆಲಸ. ನನ್ನ ಓಟು ಇನ್ನೂ ಟಾಮ್ಲ್‌ಗೇ, ಆದರೆ ಏಳುವಾಗಲೇ ಪರೀಕ್ಷೆ ಇದ್ದರೆ ನನ್ನ ಅರ್ಧ ತಕರಾರು ಕಮ್ಮಿ. ಡೀಫಾಲ್ಟ್ ಏನು ಇಟ್ಟಿದ್ದೀರಿ?

ಹಿಂಜವಡಿ ಹುಡುಗ
ಡೀಬಗ್‌ಗೆ ಫಾಲ್ಸ್. ಸೀಕ್ರೆಟ್ ಕೀಗೆ ಡೀಫಾಲ್ಟೇ ಇಲ್ಲ, ಕೊಡದಿದ್ದರೆ ಆ್ಯಪ್ ಏಳಲ್ಲ.