ಗಾಲ್ಫ್ ಅಂಗಳದ ‘ವಾಟ’: ಈ ಪದ ನಡೆಯುತ್ತಾ?

ಎಲ್ಲರಿಗೂ ನಮಸ್ಕಾರ,

ಸಿಯಾಟಲ್ ಕಡೆಯ ನಾವು ಕೆಲವು ಕನ್ನಡಿಗರು ಸುಮ್ನೆ ಖುಷಿಗೆ ಅಂತ ಒಂದು ಚಿಕ್ಕ ಪತ್ರಿಕೆ ಮಾಡುತ್ತೇವೆ. ಅದಕ್ಕೆ ಚೇಂಬರ್ಸ್ ಬೇ ಗಾಲ್ಫ್ ಕೋರ್ಸ್ ಬಗ್ಗೆ ಬರೆಯೋಣ ಅಂತ ಕೂತೆ. ಅಲ್ಲಿನ ನೆಲದ ಸಣ್ಣ ಓರೆಗೆ ‘ವಾಟ’ ಅನ್ನಬಹುದಾ ಅಂತ ಎರಡನೇ ಪ್ಯಾರಾದಲ್ಲೇ ಸಿಕ್ಕಿಕೊಂಡಿದ್ದೇನೆ.

ಜಾಗ ಎಂಥದ್ದು ಅಂತ ಮೊದಲು ಹೇಳಿಬಿಡುತ್ತೇನೆ. ವಾಷಿಂಗ್ಟನ್ ರಾಜ್ಯದ ಯೂನಿವರ್ಸಿಟಿ ಪ್ಲೇಸ್ ಅನ್ನೋ ಊರು, ಪಕ್ಕದಲ್ಲೇ ಕಡಲ ನೀರು. ಹಿಂದೆ ಇಲ್ಲಿ ಮರಳು, ಜಲ್ಲಿ ತೆಗೆಯುತ್ತಿದ್ದರು. ಆ ಕ್ವಾರಿಯ ಹಳ್ಳದಲ್ಲೇ ಗಾಲ್ಫ್ ಕೋರ್ಸ್ ವಿನ್ಯಾಸ ಮಾಡುವ ರಾಬರ್ಟ್ ಟ್ರೆಂಟ್ ಜೋನ್ಸ್ ಜೂನಿಯರ್ ಅವರ ತಂಡ ಮರಳನ್ನು ಗುಡ್ಡೆ ಹಾಕಿ, ದಿಬ್ಬ ತಗ್ಗು ಮಾಡಿ ಕೋರ್ಸ್ ಕಟ್ಟಿತು. 2007ರಲ್ಲಿ ತೆರೆಯಿತು. ಆಟದ ಜಾಗದಲ್ಲಿ ಇರುವುದು ಒಂದೇ ಮರ!

ಇದನ್ನು ‘ಮೈದಾನ’ ಅನ್ನೋಕೆ ನನಗೆ ಮನಸ್ಸಿಲ್ಲ. ಮೈದಾನ ಅಂದರೆ ಸಮತಟ್ಟು ಅಲ್ವಾ? ‘ಅಂಗಳ’ ಪರವಾಗಿಲ್ಲ. ‘ಗ್ರೀನ್’ (ಚೆಂಡು ಬೀಳಬೇಕಾದ ಕುಳಿಯ ಸುತ್ತ ಹುಲ್ಲನ್ನು ನುಣ್ಣಗೆ ಕತ್ತರಿಸಿದ ಜಾಗ) ಅನ್ನು ‘ಹಸಿರು’ ಅಂತ ಮಾಡಹೋದರೆ ಇನ್ನೂ ತಮಾಷೆ. ಇಲ್ಲಿ ಮೊದಲು ಗ್ರೀನಿಗೂ ಹಾಕಿದ್ದು ಫೆಸ್ಕ್ಯೂ ಅನ್ನೋ ಹುಲ್ಲು, ಬೇಸಿಗೆಯಲ್ಲಿ ಒಣಗಿದ ರಾಗಿ ಹುಲ್ಲಿನ ಬಣ್ಣಕ್ಕೆ ಬರುತ್ತಿತ್ತು. ಹಾಗಾಗಿ ಗ್ರೀನ್ ಗ್ರೀನಾಗೇ ಇರಲಿ ಅಂತ ಬಿಟ್ಟೆ.

‘ಲಿಂಕ್ಸ್’ ಅನ್ನೋ ಮಾತೂ ಬರುತ್ತದೆ. ಕೊಂಡಿಗೂ ಅದಕ್ಕೂ ಸಂಬಂಧ ಇಲ್ಲ. ದಿಣ್ಣೆ, ಏರು ಅನ್ನೋ ಅರ್ಥದ ಹಳೇ ಇಂಗ್ಲಿಷ್ ಪದದಿಂದ ಬಂದದ್ದು. ಸ್ಕಾಟ್ಲೆಂಡಿನಲ್ಲಿ ಕಡಲ ಪಕ್ಕದ ಮರಳು ಮಿಶ್ರಿತ ಏರುತಗ್ಗಿನ ಹುಲ್ಲುನೆಲಕ್ಕೆ ಹಾಗನ್ನುತ್ತಾರೆ. ಮಂಗಳೂರಿನ ಹೊಯಿಗೆ ಬಜಾರ್ ನೆನಪಾಗಿ ‘ಹೊಯಿಗೆ ದಿಣ್ಣೆ’ (ಹೊಯಿಗೆ ಅಂದರೆ ಮರಳು) ಅಂತ ಬರೆದು ನೋಡಿದೆ. ಕರಾವಳಿಯವರಿಗೆ ತಟ್ಟನೆ ಹಿಡಿಯುತ್ತದೆ, ಆದರೆ ತುಮಕೂರಿನ ನನ್ನ ಹೆಂಡತಿ ‘ಹೊಯಿಗೆ ಅಂದರೇನು’ ಅಂತ ಕೇಳಿದಳು!

ನನ್ನ ಮುಖ್ಯ ಪ್ರಶ್ನೆ ಬೇರೆ. ಈ ಕೋರ್ಸಿನ ಗುಣವೆಲ್ಲ ನೆಲದ ಓರೆಯಲ್ಲಿದೆ. ನೆಲ ಗಟ್ಟಿ, ಚೆಂಡು ಬಿದ್ದ ಕಡೆ ನಿಲ್ಲುವುದಿಲ್ಲ, ಪುಟಿದು ಉರುಳುತ್ತದೆ. ಕುಳಿಗೆ ನೇರ ಗುರಿ ಇಟ್ಟರೆ ಕೆಲವು ಕಡೆ ಕೆಟ್ಟಿರಿ, ಹತ್ತು ಹೆಜ್ಜೆ ಪಕ್ಕದ ದಿಬ್ಬಕ್ಕೆ ಹೊಡೆದರೆ ಅದೇ ಚೆಂಡನ್ನು ತಿರುಗಿಸಿ ತಂದು ಹತ್ತಿರ ಬಿಡುತ್ತದೆ. ಇದಕ್ಕೆ ‘ಇಳಿಜಾರು’ ಸಾಲದು. ಅದು ಬೆಟ್ಟದ ರಸ್ತೆಗೆ ಸರಿ.

ಹೋದ ವರ್ಷ ಅಪ್ಪ ಬಂದಿದ್ದಾಗ ಕೋರ್ಸಿನ ಪಕ್ಕದ ದಾರಿಯಲ್ಲಿ ವಾಕಿಂಗ್ ಹೋಗಿದ್ದೆವು. ಅವರಿಗೆ ಗಾಲ್ಫ್ ಗೊತ್ತಿಲ್ಲ, ಮೂವತ್ತು ವರ್ಷ ಮನೆ ಕಟ್ಟಿಸಿದವರು. ಒಬ್ಬ ಗ್ರೀನಿನ ಮೇಲೆ ಮೊಣಕಾಲು ಮಡಚಿ ಕೂತು ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಅಪ್ಪ, “ವಾಟ ನೋಡ್ತಾ ಇದಾನೆ” ಅಂದರು. ಬಚ್ಚಲ ನೆಲಕ್ಕೆ ಸಿಮೆಂಟ್ ಹಾಕುವಾಗ ನೀರು ಎತ್ತ ಹೋಗಬೇಕು ಅಂತ ಮೇಸ್ತ್ರಿ ನೋಡ್ತಾನಲ್ಲ, ಅದೇ ವಾಟ. ಕಣ್ಣಿಗೆ ಸಪಾಟು, ನೀರಿಗೆ ಮಾತ್ರ ಗೊತ್ತು. ಇಲ್ಲಿ ಚೆಂಡಿಗೆ ಗೊತ್ತು, ಅಷ್ಟೇ.

ಅಮೆರಿಕದ ದೊಡ್ಡ ಗಾಲ್ಫ್ ಟೂರ್ನಿ ಯುಎಸ್ ಓಪನ್ 2015ರಲ್ಲಿ ಇಲ್ಲೇ ನಡೆದದ್ದು. ಕೊನೆಯ ಕುಳಿಯಲ್ಲಿ ಆಟಗಾರ ಡಸ್ಟಿನ್ ಜಾನ್ಸನ್‌ಗೆ ಚೆಂಡಿನಿಂದ ಕುಳಿಗೆ ಉಳಿದದ್ದು ಸುಮಾರು 12 ಅಡಿ. ಒಂದೇ ಸಲಕ್ಕೆ ಹಾಕಿದ್ದರೆ ಗೆಲುವು, ಎರಡಾದರೂ ಮಾರನೇ ದಿನ ಟೈ ಬಿಡಿಸುವ ಆಟ. ಮೂರು ಸಲ ತಳ್ಳಬೇಕಾಯಿತು, ಜೋರ್ಡನ್ ಸ್ಪೀತ್ ಗೆದ್ದ. ‘ಜಾನ್ಸನ್‌ಗೆ ವಾಟ ಸಿಗಲಿಲ್ಲ’ ಅಂತ ಬರೆದಿದ್ದೇನೆ. ವಾಟದ್ದೊಂದೇ ತಪ್ಪು ಅನ್ನೋ ಹಾಗಿಲ್ಲ, ಆ ವಾರ ಗ್ರೀನಿನ ಹುಲ್ಲೇ ಅಲ್ಲಲ್ಲಿ ಉಬ್ಬಿತ್ತು, ಆಟಗಾರರು ಜಾಸ್ತಿ ಬೈದುಕೊಂಡದ್ದು ಅದನ್ನೇ.

‘ವಾಟ ಓದು’, ‘ವಾಟಕ್ಕೆ ಬಿಡು’, ‘ವಾಟ ತಪ್ಪು’: ಇವು ಓದುವಾಗ ಸಹಜ ಅನ್ನಿಸುತ್ತಾ? ಧಾರವಾಡ, ಕಲಬುರ್ಗಿ ಕಡೆ ಗೌಂಡಿಗಳು ಇದಕ್ಕೆ ವಾಟ ಅಂತಾರಾ, ಬೇರೆ ಪದ ಇದೆಯಾ? ಭಾನುವಾರದೊಳಗೆ ಹೇಳಿದರೆ ಒಳ್ಳೇದು, ಸೋಮವಾರ ಪತ್ರಿಕೆ ಪ್ರಿಂಟಿಗೆ ಹೋಗುತ್ತೆ.