ಪದಚರ್ಚೆ: ಇಟಾಲಿಯನ್ನಿನ ‘ಕೊಂಜುಂತೀವೊ’ ನಮ್ಮ ಸಂಭಾವನಾರ್ಥಕವೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕನ್ನಡದ ಮೂಲಕ ಇಟಾಲಿಯನ್ ಕಲಿಯುವವರಿಗಾಗಿ ಒಂದು ಕ್ರಿಯಾಪದ ಪಟ್ಟಿ ಸಿದ್ಧವಾಗುತ್ತಿದೆ. ಇಟಾಲಿಯನ್ ಕ್ರಿಯಾಪದದ ಅರ್ಥರೂಪಗಳಲ್ಲಿ ಇಂದಿಕತೀವೊಗೆ ‘ನಿಶ್ಚಯಾರ್ಥಕ’, ಇಂಪೆರತೀವೊಗೆ ‘ಆಜ್ಞಾರ್ಥಕ’ ಎಂದು ಹಾಕಿದ್ದೇವೆ; ಅವುಗಳ ಬಗ್ಗೆ ತಕರಾರಿಲ್ಲ. ಕೊಂಜುಂತೀವೊಗೆ (ಇಂಗ್ಲಿಷಿನಲ್ಲಿ ಸಬ್ಜಂಕ್ಟಿವ್) ‘ಸಂಭಾವನಾರ್ಥಕ’ ಎಂದೂ ಕೊಂದಿತ್ಸ್ಯೊನಾಲೆಗೆ (ಕಂಡೀಷನಲ್) ‘ಷರತ್ತು ರೂಪ’ ಎಂದೂ ಬರೆದೆವು. ಆದರೆ ಅಭ್ಯಾಸದ ವಾಕ್ಯಗಳಿಗೆ ಬಂದಾಗ ಹೊಂದಿಕೆ ತಪ್ಪುತ್ತಿದೆ. ‘ಅವನು ಮನೆಯಲ್ಲಿದ್ದಾನು’ ಎಂಬುದಕ್ಕೆ ಕೊಂಜುಂತೀವೊ ಬರುವುದಿಲ್ಲ. ‘ಅವನು ಮನೆಯಲ್ಲಿದ್ದಾನೆ ಅಂತ ಅನ್ನಿಸುತ್ತೆ’ ಎಂಬುದಕ್ಕೆ ಬರುತ್ತದೆ. ಈ ಹೆಸರುಗಳನ್ನು ಉಳಿಸಿಕೊಳ್ಳಬಹುದೇ? ಯಾವ ವಾಕ್ಯಕ್ಕೆ ಯಾವ ರೂಪ ಎಂದು ಕನ್ನಡದವರಿಗೆ ಹಿಡಿಯಲು ಸಿಗುವ ಸೂತ್ರವೇನಾದರೂ ಇದೆಯೇ?

ಉತ್ತರ

ಎರಡೂ ಹೆಸರು ಬೇಡ. ಎರಡೂ ಕಲಿಯುವವರನ್ನು ನೇರವಾಗಿ ತಪ್ಪಿಗೆ ತಳ್ಳುತ್ತವೆ. (ಕೆಳಗಿನ ಇಟಾಲಿಯನ್ ಮಾತುಗಳಲ್ಲಿ ಒತ್ತು ಬೀಳುವ ಸ್ವರವನ್ನು ಆದಷ್ಟೂ ದೀರ್ಘವಾಗಿ ಬರೆದಿದೆ.)

ಮೊದಲು ಸಂಭಾವನಾರ್ಥಕ. ಶಾಲೆಯ ವ್ಯಾಕರಣದಲ್ಲಿ ಓದಿದ ಮೂರು ಅರ್ಥರೂಪಗಳನ್ನು ನೆನಪಿಸಿಕೊಳ್ಳಿ: ವಿಧ್ಯರ್ಥಕ ‘ಮಾಡಲಿ’, ನಿಷೇಧಾರ್ಥಕ ‘ಮಾಡನು’, ಸಂಭಾವನಾರ್ಥಕ ‘ಮಾಡಿಯಾನು’. ಸಂಭಾವನಾರ್ಥಕ ಯಾರ ಹಂಗೂ ಇಲ್ಲದೆ ವಾಕ್ಯದ ಕೊನೆಗೆ ತಾನೇ ನಿಲ್ಲುವ ರೂಪ. ಹೇಳುವವನ ಊಹೆಯನ್ನು ಹೇಳುತ್ತದೆ. ಇಟಾಲಿಯನ್ನಿನಲ್ಲಿ ಈ ಕೆಲಸ ಮಾಡುವುದು ಫುತೂರೊ, ಅಂದರೆ ಭವಿಷ್ಯತ್ಕಾಲ. ‘ಸರಾ ಅ ಕಾಸ’ ಎಂದರೆ ನಾಳೆ ಮನೆಯಲ್ಲಿರುತ್ತಾನೆ ಎಂದೂ ಆಗುತ್ತದೆ, ಈಗ ಮನೆಯಲ್ಲಿದ್ದಾನು ಎಂದೂ ಆಗುತ್ತದೆ. ‘ಸರಾನ್ನೊ ಲೆ ಓತ್ತೊ’ ಎಂದರೆ ಈಗ ಎಂಟು ಗಂಟೆ ಆಗಿದ್ದೀತು. ಮುಗಿದುಹೋದ ಸಂಗತಿಯ ಊಹೆಗೆ ಫುತೂರೊ ಅಂತೆರ್ಯೋರೆ: ‘ಸರಾ ಉಶ್ಶೀತೊ’, ಅಂದರೆ ಹೊರಗೆ ಹೋಗಿದ್ದಾನು. ಹಾಗಾಗಿ ‘ಸಂಭಾವನಾರ್ಥಕ’ ಎಂಬ ಪದವನ್ನು ಎಲ್ಲಾದರೂ ಬಳಸಲೇಬೇಕೆಂದಿದ್ದರೆ ಫುತೂರೊದ ಈ ಎರಡನೇ ಬಳಕೆಯನ್ನು ವಿವರಿಸಲು ಬಳಸಿ.

ಕೊಂಜುಂತೀವೊ ಸ್ವತಂತ್ರವಾಗಿ ನಿಲ್ಲುವುದು ಕಡಿಮೆ. ನಿಂತಾಗ ಅದು ನಮ್ಮ ವಿಧ್ಯರ್ಥಕಕ್ಕೆ ಹತ್ತಿರ: ‘ಕೆ ವೇಂಗ’ ಎಂದರೆ ಬರಲಿ. ಗೌರವದಿಂದ ಮಾತನಾಡಿಸುವಾಗಿನ ‘ವೇಂಗ, ಸಿ ಅಕ್ಕೋಮೊದಿ’ (ಬನ್ನಿ, ಕೂತುಕೊಳ್ಳಿ) ಕೂಡ ಕೊಂಜುಂತೀವೊದಿಂದಲೇ ಎರವಲು ಬಂದದ್ದು. ಉಳಿದೆಲ್ಲ ಕಡೆ ಅದು ಇನ್ನೊಂದು ಕ್ರಿಯಾಪದವನ್ನೋ ಅವ್ಯಯವನ್ನೋ ಆಶ್ರಯಿಸಿ ಬರುತ್ತದೆ. ಹೀಗಾಗಿ ‘ಆಶ್ರಿತಾರ್ಥಕ’ ಎಂಬುದು ನನ್ನ ಸಲಹೆ. ಲ್ಯಾಟಿನ್ ವೈಯಾಕರಣರು ಇಟ್ಟ ಹೆಸರಿನಲ್ಲೂ ‘ಕೂಡಿಸು’ ಎಂಬ ಧಾತುವೇ ಇದೆ.

ಕನ್ನಡದಲ್ಲಿ ಇದಕ್ಕೆ ಸಮನಾದ ಒಂದು ರೂಪವನ್ನು ಹುಡುಕುವುದು ವ್ಯರ್ಥ, ಏಕೆಂದರೆ ಅದರ ಕೆಲಸ ನಮ್ಮಲ್ಲಿ ನಾಲ್ಕಾರು ಕಡೆ ಹಂಚಿಹೋಗಿದೆ. ‘ಬೆಂಕೇ ಪ್ಯೋವ’ (ಮಳೆ ಬರುತ್ತಿದ್ದರೂ) ಎಂಬಲ್ಲಿ ‘-ಅರೂ’. ‘ಪ್ರೀಮ ಕೆ ಅರ್ರೀವಿ’ (ಅವನು ಬರುವ ಮೊದಲು) ಎಂಬಲ್ಲಿ ‘-ಉವ’ ಕೃದಂತ. ‘ವೋಲ್ಯೊ ಕೆ ತು ವೇಂಗ’ (ನೀನು ಬರಬೇಕು ಅಂತ ನನ್ನಾಸೆ) ಎಂಬಲ್ಲಿ ‘ಬೇಕು’. ‘ಪೇನ್ಸೊ ಕೆ ಸೀಯ ಅ ಕಾಸ’ ಎಂಬಲ್ಲಿ ಏನೂ ಇಲ್ಲ, ಬರಿಯ ‘ಇದ್ದಾನೆ ಅಂತ’. ಅರ್ಥವನ್ನು ನೆಚ್ಚಿಕೊಂಡರೂ ಕೈಕೊಡುತ್ತದೆ. ‘ಆಂಕೆ ಸೆ ಪ್ಯೋವೆ’ ಎಂದರೂ ಮಳೆ ಬರುತ್ತಿದ್ದರೂ ಎಂದೇ ಅರ್ಥ, ಆದರೆ ಅಲ್ಲಿ ನಿಶ್ಚಯಾರ್ಥಕ. ‘ಪ್ರೀಮ ಕೆ’ ಜೊತೆ ಆಶ್ರಿತಾರ್ಥಕ, ‘ದೋಪೊ ಕೆ’ (ಆದ ಮೇಲೆ) ಜೊತೆ ನಿಶ್ಚಯಾರ್ಥಕ. ‘ಸೊ ಕೆ’ (ನನಗೆ ಗೊತ್ತು) ಮತ್ತು ‘ಸೆಕೋಂದೊ ಮೆ’ (ನನ್ನ ಪ್ರಕಾರ) ಇವುಗಳಿಗೂ ನಿಶ್ಚಯಾರ್ಥಕವೇ. ಹಾಗಾಗಿ ಪಟ್ಟಿಯಲ್ಲಿ ರೂಪಕ್ಕಿಂತ ಮೊದಲು ಅದನ್ನು ಎಳೆದು ತರುವ ಪದಗಳನ್ನು ಕೊಡಿ. ರೂಪ ಅದರ ಹಿಂದೆ ಬರಲಿ.

ಇನ್ನೊಂದು ಎಚ್ಚರಿಕೆ. ಎರಡು ಕ್ರಿಯೆಗಳಿಗೂ ಕರ್ತೃ ಒಬ್ಬನೇ ಆಗಿದ್ದರೆ ‘ಕೆ’ (ಎಂದು) ಬಿಟ್ಟು ‘ದಿ’ ಹಾಕಿ ಇನ್ಫಿನೀತೊ (ಪುರುಷಪ್ರತ್ಯಯ ಹತ್ತದ ಮೂಲ ರೂಪ) ತರುತ್ತಾರೆ. ‘ಹೊರಡೋಣ ಅಂತಿದ್ದೇನೆ’ ಎಂಬುದು ‘ಪೇನ್ಸೊ ದಿ ಪರ್ತೀರೆ’ ಆಗಬೇಕು. ‘ಪೇನ್ಸೊ ಕೆ ಈಯೊ ಪಾರ್ತ’ ಎಂದು ಯಾರೂ ಹೇಳುವುದಿಲ್ಲ. ‘ವೋಲ್ಯೊ’ ನಂತರವಾದರೆ ‘ದಿ’ ಕೂಡ ಬೇಡ.

ಈಗ ನಿಜವಾದ ಕಷ್ಟದ ಜಾಗಕ್ಕೆ ಬರೋಣ: ನಮ್ಮ ‘ಅಂತ’, ‘ಎಂದು’. ಕನ್ನಡದಲ್ಲಿ ‘ಅಂತ’ ಹಾಕಿದರೆ ಒಳಗಿನ ವಾಕ್ಯ ಹೇಳಿದವನ ಬಾಯಲ್ಲಿ ಹೇಗಿತ್ತೋ ಹಾಗೇ ಉಳಿಯುತ್ತದೆ. ‘ಬರುತ್ತೇನೆ ಅಂತ ಹೇಳಿದ’ ಎಂಬಲ್ಲಿ ‘ಬರುತ್ತೇನೆ’ ಉತ್ತಮ ಪುರುಷವೂ ಹೌದು, ಆಗಿನ ಭವಿಷ್ಯವೂ ಹೌದು. ‘ಹೇಳಿದ’ ಭೂತಕಾಲವಾದರೂ ಒಳಗಿನದಕ್ಕೆ ಏನೂ ಆಗುವುದಿಲ್ಲ. ಇಟಾಲಿಯನ್ನಿನ ‘ಕೆ’ ಹಾಗಲ್ಲ. ಹೊರಗಿನ ಕ್ರಿಯಾಪದದ ಕಾಲ ಒಳಗಿನದನ್ನು ಎಳೆಯುತ್ತದೆ, ಪುರುಷವೂ ಬದಲಾಗುತ್ತದೆ: ‘ಅ ದೇತ್ತೊ ಕೆ ಸರೇಬ್ಬೆ ವೆನೂತೊ’. ಕನ್ನಡದವರ ತಪ್ಪುಗಳಲ್ಲಿ ಬಹುಪಾಲು ಇಲ್ಲಿಯವೇ. ಸೂತ್ರ ಬೇಕೆಂದರೆ ಇದನ್ನೇ ಹಿಡಿಯಿರಿ: ಮನಸ್ಸಿನಲ್ಲಿ ‘ಅಂತ’ ಬಂದ ಕೂಡಲೇ ನಿಂತು ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಹೊರಗಿನ ಕ್ರಿಯೆ ಈಗಿನದೋ ಹಿಂದಿನದೋ? ಒಳಗಿನ ಕ್ರಿಯೆ ಅದಕ್ಕಿಂತ ಮುಂಚಿನದೋ, ಜೊತೆಯದೋ, ನಂತರದ್ದೋ?

‘ಕ್ರೇದೊ’ (ಅಂದುಕೊಂಡಿದ್ದೇನೆ) ಎಂದು ಶುರುವಾದರೆ: ಮರೀಯ ಹೊರಡುತ್ತಿದ್ದಾಳೆ ಎನ್ನಲು ‘ಕ್ರೇದೊ ಕೆ ಮರೀಯ ಪಾರ್ತ’, ಹೊರಟಿದ್ದಾಳೆ ಎನ್ನಲು ‘ಸೀಯ ಪರ್ತೀತ’, ಮುಂದೆ ಹೊರಡುತ್ತಾಳೆ ಎನ್ನಲು ‘ಪರ್ತಿರಾ’ ಎಂಬ ಫುತೂರೊ, ಇಲ್ಲವೇ ಮತ್ತೆ ‘ಪಾರ್ತ’.

‘ಕ್ರೆದೇವೊ’ (ಅಂದುಕೊಂಡಿದ್ದೆ) ಎಂದು ಶುರುವಾದರೆ: ಜೊತೆಯದಕ್ಕೆ ‘ಪರ್ತೀಸ್ಸೆ’, ಮುಂಚಿನದಕ್ಕೆ ‘ಫೋಸ್ಸೆ ಪರ್ತೀತ’, ನಂತರದ್ದಕ್ಕೆ ‘ಸರೇಬ್ಬೆ ಪರ್ತೀತ’.

ಕೊನೆಯದನ್ನು ಗಮನಿಸಿ. ಹಿಂದಿನ ಬಿಂದುವಿನಿಂದ ನೋಡಿದ ಭವಿಷ್ಯಕ್ಕೆ ಇಟಾಲಿಯನ್ ಕೊಂದಿತ್ಸ್ಯೊನಾಲೆಯ ಸಂಯುಕ್ತ ರೂಪವನ್ನೇ ಕೇಳುತ್ತದೆ. ಫ್ರೆಂಚ್ ಅಥವಾ ಸ್ಪ್ಯಾನಿಷ್ ಕಲಿತು ಬಂದವರು ಅಲ್ಲಿನ ರೂಢಿಯಂತೆ ಸರಳ ರೂಪ ಹಾಕಿ ‘ಅ ದೇತ್ತೊ ಕೆ ವೆರ್ರೇಬ್ಬೆ’ ಎನ್ನುತ್ತಾರೆ. ಇವತ್ತಿನ ಶಿಷ್ಟ ಇಟಾಲಿಯನ್ನಿನಲ್ಲಿ ಅದು ತಪ್ಪು. ಅವನು ಕೊನೆಗೆ ಬಂದನೋ ಇಲ್ಲವೋ ಎಂಬುದಕ್ಕೂ ಈ ರೂಪಕ್ಕೂ ಸಂಬಂಧವಿಲ್ಲ.

ಸೂತ್ರ ಮೀರುವ ಒಂದು ಜಾಗವೂ ಇದೆ. ‘ವೊರ್ರೇಯಿ’ (ಬೇಕಿತ್ತು, ಇಷ್ಟಪಡುತ್ತೇನೆ) ಈಗಿನ ಆಸೆಯೇ ಆದರೂ ಅದರ ಹಿಂದೆಯೇ ಆಶ್ರಿತಾರ್ಥಕದ ಇಂಪೆರ್ಫೇತ್ತೊ (ಅಪೂರ್ಣ ಭೂತ) ಬರುತ್ತದೆ: ‘ವೊರ್ರೇಯಿ ಕೆ ತು ವೆನೀಸ್ಸಿ’. ಇಲ್ಲಿ ‘ವೇಂಗ’ ಹಾಕಿದರೆ ಕಿವಿಗೆ ತಟ್ಟನೆ ಚುಚ್ಚುತ್ತದೆ.

ಈಗ ‘ಷರತ್ತು ರೂಪ’. ಕನ್ನಡದಲ್ಲಿ ಷರತ್ತು ಎಂದರೆ ‘-ದರೆ’ ಹಚ್ಚಿದ ಭಾಗ. ಕೊಂದಿತ್ಸ್ಯೊನಾಲೆ ಬರುವುದು ಆ ಭಾಗದಲ್ಲಲ್ಲ, ಫಲವನ್ನು ಹೇಳುವ ಭಾಗದಲ್ಲಿ. ‘ಸೆ ಅವೇಸ್ಸಿ ತೇಂಪೊ, ವೆರ್ರೇಯಿ’: ಸಮಯ ಇದ್ದಿದ್ದರೆ ಎಂಬುದು ಆಶ್ರಿತಾರ್ಥಕದ ಇಂಪೆರ್ಫೇತ್ತೊ, ಬರುತ್ತಿದ್ದೆ ಎಂಬುದು ಕೊಂದಿತ್ಸ್ಯೊನಾಲೆ. ‘ಷರತ್ತು ರೂಪ’ ಎಂದು ಕಲಿತವರು ‘ಸೆ ಅವ್ರೇಯಿ’ ಎಂದೇ ಬರೆಯುತ್ತಾರೆ. ಇಟಲಿಯ ಶಾಲೆಗಳಲ್ಲೂ ಮಕ್ಕಳನ್ನು ಮತ್ತೆ ಮತ್ತೆ ತಿದ್ದುವ ತಪ್ಪು ಅದು. ‘ಫಲಿತಾರ್ಥಕ’ ಎಂದು ಕರೆದರೆ ಈ ತಪ್ಪಿಗೆ ಅವಕಾಶವೇ ಸಿಗುವುದಿಲ್ಲ. ‘ಸೆ’ ಎಂಬುದು ‘-ಓ, ಇಲ್ಲವೋ’ ಎಂಬ ಅರ್ಥದಲ್ಲಿದ್ದಾಗ ಮಾತ್ರ ಅದರ ಪಕ್ಕದಲ್ಲಿ ಫಲಿತಾರ್ಥಕ ಸರಿ: ‘ನೋನ್ ಸೊ ಸೆ ವೆರ್ರೇಬ್ಬೆ’, ಕರೆದರೆ ಬರುತ್ತಾನೋ ಇಲ್ಲವೋ ಗೊತ್ತಿಲ್ಲ.

ನಮ್ಮ ‘ಸಮಯ ಇದ್ದಿದ್ದರೆ ಬರುತ್ತಿದ್ದೆ’ ಈಗಿನ ಮಾತೂ ಆಗಬಹುದು, ನಿನ್ನೆಯ ಮಾತೂ ಆಗಬಹುದು. ಇಟಾಲಿಯನ್ ಎರಡನ್ನೂ ಬೇರೆ ಮಾಡುತ್ತದೆ. ನಿನ್ನೆಯದಾದರೆ ‘ಸೆ ಅವೇಸ್ಸಿ ಅವೂತೊ ತೇಂಪೊ, ಸರೇಯಿ ವೆನೂತೊ’. ಅನುವಾದಕ್ಕೆ ಕೊಡುವ ವಾಕ್ಯಗಳಲ್ಲಿ ‘ಈಗ’, ‘ನಿನ್ನೆ’ ಎಂಬ ಪದ ಸೇರಿಸದಿದ್ದರೆ ಎರಡೂ ಉತ್ತರ ಸರಿಯಾಗುತ್ತವೆ. ಆಡುಮಾತಿನಲ್ಲಿ ಇಟಾಲಿಯನ್ನರು ‘ಸೆ ಲೊ ಸಪೇವೊ, ವೆನೀವೊ’ ಎನ್ನುವುದು ತುಂಬಾ ಸಾಮಾನ್ಯ. ಇದು ‘ಗೊತ್ತಿದ್ದರೆ ಬರ್ತಿದ್ದೆ’ ಎಂಬುದರದೇ ಎರಕ, ಏಕೆಂದರೆ ರೂಢಿಯ ಭೂತಕ್ಕೆ ಬಳಸುವ ‘ವೆನೀವೊ’, ‘ಬರುತ್ತಿದ್ದೆ’ ಎರಡೂ ಇಲ್ಲಿ ನಡೆಯದೇ ಹೋದ ಕ್ರಿಯೆಗೂ ದುಡಿಯುತ್ತಿವೆ. ಮಾತಿನಲ್ಲಿ ಧಾರಾಳವಾಗಿ ಬಳಸಬಹುದು. ಪರೀಕ್ಷೆಯಲ್ಲಿ, ಬರಹದಲ್ಲಿ ಉದ್ದನೆಯ ರೂಪವೇ ಬೇಕು.

ಇನ್ನೊಬ್ಬರ ಸೇರ್ಪಡೆ

‘ಆಶ್ರಿತಾರ್ಥಕ’, ‘ಫಲಿತಾರ್ಥಕ’ ಎರಡಕ್ಕೂ ನನ್ನ ಸಹಮತವಿದೆ. ರೂಪಗಳನ್ನು ಕಟ್ಟುವ ಬಗ್ಗೆ ಒಂದಿಷ್ಟು.

ಆಜ್ಞಾರ್ಥಕ ಬಿಟ್ಟರೆ ಪುರುಷಪ್ರತ್ಯಯ ಹತ್ತುವ ಕಾಲಗಳು 14. ಪಟ್ಟಿಯಲ್ಲಿ 14 ಕಂಬಸಾಲು ಹಾಕಿ ಹೆದರಿಸಬೇಡಿ. 7 ಸರಳ, 7 ಸಂಯುಕ್ತ. ಪ್ರತಿ ಸರಳ ಕಾಲದಲ್ಲಿ ‘ಅವೇರೆ’ (ಹೊಂದು) ಅಥವಾ ‘ಏಸ್ಸೆರೆ’ (ಇರು) ಇಟ್ಟು ಭೂತಕೃದಂತ ಸೇರಿಸಿದರೆ ಸಂಯುಕ್ತ ತಾನಾಗಿ ಸಿದ್ಧ. ‘ಏಸ್ಸೆರೆ’ ಬಂದಾಗ ಕೃದಂತಕ್ಕೆ ಲಿಂಗ, ವಚನ ಹತ್ತಬೇಕು: ಮರೀಯ ‘ಪರ್ತೀತ’, ಗಂಡಸಾದರೆ ‘ಪರ್ತೀತೊ’. ಏಳು ಸಂಯುಕ್ತಗಳಲ್ಲಿ ತ್ರಪಸ್ಸಾತೊ ರೆಮೋತೊ (ದೂರದ ಭೂತಕ್ಕೂ ಹಿಂದಿನ ಭೂತ) ಈಗ ಬಹುತೇಕ ಸಾಹಿತ್ಯದಲ್ಲಷ್ಟೇ ಉಳಿದಿದೆ, ಅದನ್ನು ಗುರುತಿಸಲು ಬಂದರೆ ಸಾಕು.

ಆಶ್ರಿತಾರ್ಥಕದ ಪ್ರೆಸೇಂತೆ (ವರ್ತಮಾನ) ಕಟ್ಟಲು ನಿಶ್ಚಯಾರ್ಥಕದ ‘ನಾನು’ ರೂಪದಿಂದ ಕೊನೆಯ ‘ಒ’ ತೆಗೆಯಿರಿ. ‘-ಆರೆ’ ಧಾತುಗಳಿಗೆ ‘ಇ’, ಉಳಿದವಕ್ಕೆ ‘ಅ’ ಹಚ್ಚಿ: ಪಾರ್ಲೊ–ಪಾರ್ಲಿ, ವೇಂಗೊ–ವೇಂಗ, ದೀಕೊ–ದೀಕ, ಫಿನೀಸ್ಕೊ–ಫಿನೀಸ್ಕ. ಏಕವಚನದ ಮೂರು ಪುರುಷಗಳಿಗೂ ಇದೇ ರೂಪ. ಕನ್ನಡದಲ್ಲಿ ಕ್ರಿಯಾಪದವೇ ಪುರುಷವನ್ನು ಹೇಳುವುದರಿಂದ ನಾವು ಸರ್ವನಾಮ ಬಿಡುತ್ತೇವೆ. ಇಲ್ಲಿ ಬಿಟ್ಟರೆ ಗೊಂದಲ, ಮುಖ್ಯವಾಗಿ ‘ತು’ ಬಿಡಬಾರದು. ‘ನಾವು’ ರೂಪ ನಿಶ್ಚಯಾರ್ಥಕದ್ದೇ (ಪರ್ಲ್ಯಾಮೊ), ‘ನೀವು’ ರೂಪಕ್ಕೆ ‘-ಯಾತೆ’, ‘ಅವರು’ ಬೇಕಾದರೆ ಏಕವಚನಕ್ಕೆ ‘ನೊ’: ಪಾರ್ಲಿನೊ, ವೇಂಗನೊ. ಈ ದಾರಿಗೆ ಬಾರದ ಮುಖ್ಯವಾದವನ್ನು ಬಾಯಿಪಾಠ ಮಾಡಿಸಿ: ಸೀಯ (ಏಸ್ಸೆರೆ), ಆಬ್ಬ್ಯ (ಅವೇರೆ), ಸಾಪ್ಪ್ಯ (ಸಪೇರೆ), ದೀಯ (ದಾರೆ), ಸ್ತೀಯ (ಸ್ತಾರೆ), ಜೊತೆಗೆ ‘-ಆರೆ’ ಆದರೂ ‘ಅ’ ಹತ್ತುವ ವಾದ (ಅಂದಾರೆ), ಫಾಚ್ಚ (ಫಾರೆ). ಇಂಪೆರ್ಫೇತ್ತೊದಲ್ಲಿ ‘ದಾರೆ’, ‘ಸ್ತಾರೆ’ ಎರಡೂ ಮೋಸ ಮಾಡುತ್ತವೆ. ‘ದಾಸ್ಸಿ, ಸ್ತಾಸ್ಸಿ’ ಅಲ್ಲ, ‘ದೇಸ್ಸಿ, ಸ್ತೇಸ್ಸಿ’.

ಫುತೂರೊ ಮತ್ತು ಫಲಿತಾರ್ಥಕವನ್ನು ಒಟ್ಟಿಗೇ ಕಲಿಸಿ. ಎರಡಕ್ಕೂ ಅಂಗ ಒಂದೇ: ವೆರ್ (ಬರು), ವೊರ್ (ಬಯಸು), ತೆರ್ (ಹಿಡಿದಿರು) ಇವುಗಳಲ್ಲಿ ‘ರ’ಕಾರ ದ್ವಿತ್ವವಾಗಿ ವೆರ್ರೋ–ವೆರ್ರೇಯಿ, ವೊರ್ರೋ–ವೊರ್ರೇಯಿ, ತೆರ್ರೋ–ತೆರ್ರೇಯಿ. ಎರಡೂ ಹುಟ್ಟಿದ್ದು ಧಾತುರೂಪಕ್ಕೆ ‘ಇರು, ಹೊಂದು’ ಅರ್ಥದ ಕ್ರಿಯಾಪದ ಅಂಟಿಕೊಂಡು. ಫುತೂರೊದಲ್ಲಿ ಅದರ ವರ್ತಮಾನ, ಫಲಿತಾರ್ಥಕದಲ್ಲಿ ಅದರ ಭೂತ.

‘ಪರ್ಲೆರೇಮೊ’ ಎಂದರೆ ಮಾತನಾಡುತ್ತೇವೆ, ‘ಪರ್ಲೆರೇಮ್ಮೊ’ ಎಂದರೆ ಮಾತನಾಡುತ್ತಿದ್ದೆವು (ಹಾಗಿದ್ದಿದ್ದರೆ). ಇಡೀ ವ್ಯತ್ಯಾಸ ಒಂದು ದ್ವಿತ್ವದಲ್ಲಿದೆ. ಬೇರೆ ನುಡಿಯವರು ಇಲ್ಲಿ ಒದ್ದಾಡುತ್ತಾರೆ. ಕತೆ–ಕತ್ತೆ, ಹಳಿ–ಹಳ್ಳಿ ಎಂದು ಎಳವೆಯಿಂದ ಭೇದ ಮಾಡುವ ನಮಗೆ ಇದು ಬಂದದ್ದೇ. ಒತ್ತಕ್ಷರವನ್ನು ಒತ್ತಿ ಹೇಳಿಸಿ, ಸಾಕು. ನಾವು ಎಡವುವುದು ಬಹುವಚನದ ಸ್ವರಭಾರದಲ್ಲಿ: ‘ಪಾರ್ಲನೊ’, ‘ಪರ್ಲಾಸ್ಸೆರೊ’, ‘ಪರ್ಲೆರೇಬ್ಬೆರೊ’ ಇವುಗಳಲ್ಲಿ ಒತ್ತು ಕೊನೆಯಿಂದ ಮೂರನೇ ಅಕ್ಷರದ ಮೇಲೆ. ‘ಪರ್ಲಾನೊ’ ಎಂದು ಎಳೆದರೆ ಕೇಳುವವರಿಗೆ ಕ್ರಿಯಾಪದವೇ ತಿಳಿಯದೆ ಹೋಗಬಹುದು. ಪಟ್ಟಿಯಲ್ಲಿ ಪ್ರತಿ ಬಹುವಚನ ರೂಪದ ಮೇಲೂ ಒತ್ತಿನ ಗುರುತು ಹಾಕಿ. ಇಟಾಲಿಯನ್ ಬರಹದಲ್ಲಿ ಅದು ಇರುವುದಿಲ್ಲ.