ಎಡ ಕಿಡ್ನಿಯ ಅಭಿಧಮನಿ ಎರಡು ಕವಲಾಗಿದ್ದರೆ ಕಿಡ್ನಿ ದಾನ ಮಾಡಬಹುದೇ? ಭ್ರೂಣದ ರಕ್ತನಾಳಗಳ ಕುರಿತು ಪ್ರಶ್ನೋತ್ತರ

ಪ್ರಶ್ನೆ (ಗೃಹಿಣಿ, 41 ವರ್ಷ, ಮಂಡ್ಯ ತಾಲ್ಲೂಕು):
ನಮಸ್ಕಾರ ಮೇಡಂ. ನನ್ನ ತಮ್ಮನಿಗೆ ಎರಡು ವರ್ಷಗಳಿಂದ ಡಯಾಲಿಸಿಸ್ ನಡೆಯುತ್ತಿದೆ. ರಕ್ತದ ಗುಂಪು ಹೊಂದಿಕೊಂಡದ್ದರಿಂದ ನನ್ನ ಒಂದು ಕಿಡ್ನಿಯನ್ನು ಅವನಿಗೆ ಕೊಡಲು ಒಪ್ಪಿದ್ದೇನೆ. ಕಳೆದ ವಾರ ಮೈಸೂರಿನಲ್ಲಿ ಸಿ.ಟಿ. ಆಂಜಿಯೋಗ್ರಾಮ್ ಮಾಡಿಸಿದೆವು. ಕಿಡ್ನಿಗಳೆರಡೂ ಚೆನ್ನಾಗಿವೆ ಎಂದು ಬರೆದ ಮೇಲೆ ಕೊನೆಯ ಸಾಲಿನಲ್ಲಿ ‘ಸರ್ಕಮ್‌ಅಯೋರ್ಟಿಕ್ ಲೆಫ್ಟ್ ರೀನಲ್ ವೇನ್’ ಎಂದಿದೆ. ಇದು ಹುಟ್ಟಿನಿಂದಲೇ ಇರುವ ವ್ಯತ್ಯಾಸವೆಂದು ಸ್ಕ್ಯಾನಿಂಗ್ ಕೇಂದ್ರದಲ್ಲಿ ಹೇಳಿದರು. ಡಾಕ್ಟರರನ್ನು ಕಾಣಲು ಇನ್ನೂ ಹತ್ತು ದಿನ ಕಾಯಬೇಕು. ಅಷ್ಟರಲ್ಲಿ ನನ್ನ ತಾಯಿ, ನಾನು ಹೊಟ್ಟೆಯಲ್ಲಿದ್ದಾಗ ಏಳು ತಿಂಗಳವರೆಗೂ ಗದ್ದೆಗಿಳಿದು ನಾಟಿ ಹಾಕಿದ್ದರಿಂದಲೇ ಹೀಗಾಯಿತು ಎಂದು ಕಣ್ಣೀರು ಹಾಕುತ್ತಿದ್ದಾರೆ. ಇದು ಕಾಯಿಲೆಯೇ? ನಾನು ಕಿಡ್ನಿ ಕೊಡಬಹುದೇ? ನನ್ನ ಇಬ್ಬರು ಮಕ್ಕಳಿಗೂ ಪರೀಕ್ಷೆ ಮಾಡಿಸಬೇಕೇ?

ಉತ್ತರ (ಅನಾಟಮಿ ವಿಭಾಗದ ನಿವೃತ್ತ ಅಧ್ಯಾಪಕಿ, ಮೈಸೂರು):
ನಮಸ್ಕಾರ ತಾಯಿ. ಮೊದಲು ನಿಮ್ಮ ಅಮ್ಮನವರಿಗೆ ಹೇಳಬೇಕಾದ ಮಾತನ್ನು ಹೇಳಿಬಿಡುತ್ತೇನೆ. ಈ ರಕ್ತನಾಳಗಳ ಜೋಡಣೆ ಗರ್ಭದ ಆರನೆಯ ವಾರದಿಂದ ಎಂಟನೆಯ ವಾರದೊಳಗೆ ನಿರ್ಧಾರವಾಗಿಬಿಡುತ್ತದೆ. ಎಂಟನೆಯ ವಾರ ಮುಗಿಯುವಾಗ ಭ್ರೂಣದ ಉದ್ದ ಸುಮಾರು 3 ಸೆಂಟಿಮೀಟರ್. ಅವರು ಏಳನೆಯ ತಿಂಗಳಲ್ಲಿ ಗದ್ದೆಗಿಳಿಯುವ ಹೊತ್ತಿಗೆ ನಿಮ್ಮ ಅಭಿಧಮನಿಗಳು ಈಗಿರುವ ರೂಪಕ್ಕೆ ಬಂದು ತಿಂಗಳುಗಳೇ ಕಳೆದಿದ್ದವು. ಬಗ್ಗಿ ಮಾಡಿದ ಕೆಲಸಕ್ಕೂ ಇದಕ್ಕೂ ಸಂಬಂಧವಿಲ್ಲ. ದಯವಿಟ್ಟು ಈ ಸಾಲುಗಳನ್ನು ಅವರಿಗೆ ಓದಿ ಹೇಳಿ.

ಇದು ಕಾಯಿಲೆಯಲ್ಲ. ಯಾಕೆ ಅಲ್ಲ ಎಂಬುದು ತಿಳಿಯಬೇಕಾದರೆ ಅಭಿಧಮನಿಗಳು ಹುಟ್ಟುವ ಕ್ರಮವನ್ನು ಸ್ವಲ್ಪ ನೋಡಬೇಕು. ನಾಲ್ಕನೆಯ ವಾರದಲ್ಲಿ ಭ್ರೂಣದ ಹೃದಯಕ್ಕೆ ರಕ್ತ ತರುವ ಅಭಿಧಮನಿಗಳು ಮೂರು ಜೋಡಿ ಇರುತ್ತವೆ. ಭ್ರೂಣಕ್ಕೆ ಅಂಟಿಕೊಂಡ ಹಳದಿ ಚೀಲದಿಂದ (ಯೋಕ್ ಸ್ಯಾಕ್) ಬರುವ ವಿಟೆಲೈನ್ ಜೋಡಿ ಮುಂದೆ ಮುಖ್ಯವಾಗಿ ಯಕೃತ್ತಿನ ಪೋರ್ಟಲ್ ಅಭಿಧಮನಿಯಾಗುತ್ತದೆ. ಹೊಕ್ಕುಳಬಳ್ಳಿಯ ಜೋಡಿ ತಾಯಿಯ ಮಾಸಿನಿಂದ ಶುದ್ಧ ರಕ್ತವನ್ನು ತರುತ್ತದೆ. ಮೂರನೆಯದಾದ ಕಾರ್ಡಿನಲ್ ಜೋಡಿ ಭ್ರೂಣದ ಮೈಯ ರಕ್ತವನ್ನೇ ಹಿಂದಕ್ಕೆ ಒಯ್ಯುತ್ತದೆ. ಹೊಟ್ಟೆಯ ಭಾಗದಲ್ಲಿ ಈ ಮೂರನೆಯ ಜೋಡಿಯ ಕೆಲಸವನ್ನು ಒಂದಾದ ಮೇಲೊಂದರಂತೆ ಬೇರೆ ಜೋಡಿಗಳು ವಹಿಸಿಕೊಳ್ಳುತ್ತವೆ: ಮೊದಲು ಪೋಸ್ಟೀರಿಯರ್ ಕಾರ್ಡಿನಲ್, ಆಮೇಲೆ ಸಬ್‌ಕಾರ್ಡಿನಲ್, ಕೊನೆಗೆ ಸುಪ್ರಾಕಾರ್ಡಿನಲ್. ಹೊಸ ಜೋಡಿ ಬಲಿತಂತೆ ಹಳೆಯದರ ಬಹುಭಾಗ ಕರಗುತ್ತದೆ, ಒಂದಿಷ್ಟು ತುಂಡು ಉಳಿಯುತ್ತದೆ. ಎಡಗಡೆಯ ನಾಳಗಳು ಹೆಚ್ಚಾಗಿ ಮುಚ್ಚಿ, ರಕ್ತವೆಲ್ಲ ಬಲಗಡೆಗೆ ತಿರುಗುತ್ತದೆ. ನಮ್ಮ ಹೊಟ್ಟೆಯೊಳಗಿನ ಕೆಳ ಮಹಾ ಅಭಿಧಮನಿ, ಅಂದರೆ ಇನ್‌ಫೀರಿಯರ್ ವೀನಾ ಕೇವಾ, ನೋಡುವುದಕ್ಕೆ ಒಂದೇ ಕೊಳವೆಯಂತಿದ್ದರೂ ಹೀಗೆ ಬೇರೆ ಬೇರೆ ಕಾಲದ ತುಂಡುಗಳು ಸೇರಿ ಆದದ್ದು. ಯಕೃತ್ತಿನ ಹಿಂದಿರುವ ಭಾಗ ಬಲ ವಿಟೆಲೈನ್ ನಾಳದ್ದು, ಕಿಡ್ನಿಯ ಮೇಲಿನದು ಬಲ ಸಬ್‌ಕಾರ್ಡಿನಲ್ ನಾಳದ್ದು, ಕಿಡ್ನಿಯ ಕೆಳಗಿನದು ಬಲ ಸುಪ್ರಾಕಾರ್ಡಿನಲ್ ನಾಳದ್ದು. ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದ ಮೇಲೂ, ಇಷ್ಟು ಅದಲುಬದಲಿನ ಕೊನೆಗೆ ಬಹುತೇಕ ಎಲ್ಲರಲ್ಲೂ ಒಂದೇ ನಕ್ಷೆ ಮೂಡುತ್ತದಲ್ಲ ಎಂಬ ಬೆರಗು ನನಗೆ ಕಡಿಮೆಯಾಗಿಲ್ಲ.

ಈಗ ನಿಮ್ಮ ವರದಿಯ ವಿಷಯ. ಎಡ ಕಿಡ್ನಿಯ ರಕ್ತ ಬಲಗಡೆಯ ಮಹಾ ಅಭಿಧಮನಿಯನ್ನು ಸೇರಬೇಕಾದರೆ ನಡುವೆ ಇರುವ ಮಹಾಪಧಮನಿಯನ್ನು, ಅಂದರೆ ಹೃದಯದಿಂದ ಮೈಗೆ ರಕ್ತ ಒಯ್ಯುವ ಅಯೋರ್ಟಾವನ್ನು, ದಾಟಬೇಕು. ಭ್ರೂಣದಲ್ಲಿ ದಾಟುವುದಕ್ಕೆ ಎರಡು ಹಾದಿಗಳಿರುತ್ತವೆ, ಒಂದು ಮಹಾಪಧಮನಿಯ ಮುಂದೆ, ಇನ್ನೊಂದು ಅದರ ಹಿಂದೆ. ಎರಡೂ ಸೇರಿ ಉಂಗುರದಂತೆ ಸುತ್ತುವರಿಯುತ್ತವೆ. ಸಾಮಾನ್ಯವಾಗಿ ಹಿಂದಿನದು ಮುಚ್ಚಿ ಮುಂದಿನದು ಉಳಿಯುತ್ತದೆ. ನಿಮ್ಮಲ್ಲಿ ಎರಡೂ ಉಳಿದಿವೆ. ‘ಸರ್ಕಮ್‌ಅಯೋರ್ಟಿಕ್ ಲೆಫ್ಟ್ ರೀನಲ್ ವೇನ್’ ಎಂದರೆ ಇಷ್ಟೇ, ಅಯೋರ್ಟಾವನ್ನು ಸುತ್ತುವರಿದ ಎಡ ಕಿಡ್ನಿಯ ಅಭಿಧಮನಿ. ಶ್ರೀರಂಗಪಟ್ಟಣದ ಪಶ್ಚಿಮಕ್ಕೆ ಕಾವೇರಿ ಎರಡು ಕವಲಾಗಿ, ಊರನ್ನು ನಡುವೆ ಇಟ್ಟುಕೊಂಡು ಹರಿದು, ಪೂರ್ವಕ್ಕೆ ಸಂಗಮದಲ್ಲಿ ಮತ್ತೆ ಸೇರುವುದನ್ನು ನೀವು ನೋಡಿರುತ್ತೀರಿ. ನಿಮ್ಮ ಮಹಾಪಧಮನಿ ಆ ದ್ವೀಪದಂತೆ ನಡುವೆ ನಿಂತಿದೆ, ಎರಡು ಕವಲುಗಳ ರಕ್ತವೂ ಅದೇ ಮಹಾ ಅಭಿಧಮನಿಗೆ ಹೋಗಿ ಬೀಳುತ್ತದೆ. ಮುಂದಿನ ಹಾದಿ ಮುಚ್ಚಿ ಹಿಂದಿನದೊಂದೇ ಉಳಿಯುವವರೂ ಇದ್ದಾರೆ, ನೂರಕ್ಕೆ ಸುಮಾರು ಎರಡು ಮೂರು ಮಂದಿಯಲ್ಲಿ ಹೀಗಿರುತ್ತದೆ. ಎರಡೂ ಉಳಿದವರ ಪ್ರಮಾಣ ಒಂದು ಅಧ್ಯಯನದಿಂದ ಇನ್ನೊಂದಕ್ಕೆ ಬದಲಾದರೂ ಅದು ಅಪರೂಪದ ಸಂಗತಿಯಲ್ಲ.

ನಾನು ಪಾಠ ಹೇಳುತ್ತಿದ್ದಾಗ ಒಂದು ಬೆಳಿಗ್ಗೆ ವಿದ್ಯಾರ್ಥಿನಿಯೊಬ್ಬಳು ತರಗತಿಯ ಶವದಲ್ಲಿ ಎಡ ಕಿಡ್ನಿಯ ಸುತ್ತಲಿನ ಕೊಬ್ಬನ್ನು ಬಿಡಿಸಿ, ಮುಂದಿನ ಅಭಿಧಮನಿಯನ್ನು ಗುರುತಿಸಿ, ಕೆಲಸ ಮುಗಿಯಿತೆಂದು ಚಿಮುಟವನ್ನು ಕೆಳಗಿಟ್ಟಳು. ಕಿಡ್ನಿಯನ್ನು ಮೆಲ್ಲಗೆ ಮುಂದಕ್ಕೆ ಎತ್ತಿ ನೋಡು ಎಂದೆ. ಮೊದಲನೆಯದಕ್ಕಿಂತ ಒಂದು ಬೆರಳಿನಷ್ಟು ಕೆಳಗೆ, ಬೆನ್ನುಮೂಳೆಗೆ ಅಂಟಿಕೊಂಡಂತೆ, ಚಪ್ಪಟೆಯಾದ ಕಪ್ಪು ಪಟ್ಟಿಯೊಂದು ಮಹಾಪಧಮನಿಯ ಹಿಂದೆ ನುಸುಳಿ ಹೋಗಿತ್ತು. ಸೊಂಟದ ಕಡೆಯಿಂದ ಬಂದ ಒಂದು ಸಣ್ಣ ನಾಳವೂ ಅದನ್ನು ಸೇರಿತ್ತು. ಮುಂದಿನದನ್ನು ಕಂಡು ಸುಮ್ಮನಾಗಿದ್ದರೆ ಹಿಂದಿನದು ಇದೆಯೆಂದೇ ಗೊತ್ತಾಗುತ್ತಿರಲಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಇರುವ ಅಪಾಯವೂ ಇಷ್ಟೇ. ಹಿಂದಿನ ಕವಲು ಇರುವುದು ಮೊದಲೇ ತಿಳಿಯದಿದ್ದರೆ ಕಿಡ್ನಿಯನ್ನು ಬಿಡಿಸುವಾಗ ಅದು ಹರಿದು, ಆಳವಾದ ಜಾಗದಲ್ಲಿ ರಕ್ತಸ್ರಾವವಾಗಬಹುದು. ನಿಮ್ಮ ವಿಷಯದಲ್ಲಿ ಅದು ತಿಳಿದಿದೆ. ಹೆದರಿಸಿದ ಆ ಕೊನೆಯ ಸಾಲು ನಿಮ್ಮನ್ನು ಕಾಯುವುದಕ್ಕಾಗಿಯೇ ಬರೆದ ಸಾಲು.

ಕಿಡ್ನಿ ಕೊಡಬಹುದೇ ಎಂಬುದನ್ನು ಕಸಿ ಮಾಡುವ ತಂಡವೇ ಚಿತ್ರಗಳನ್ನು ನೋಡಿ ತೀರ್ಮಾನಿಸಬೇಕು, ಅದನ್ನು ನಾನು ಇಲ್ಲಿಂದ ಹೇಳುವುದು ಸರಿಯಲ್ಲ. ಆದರೆ ಈ ಒಂದು ಕಾರಣದಿಂದಲೇ ದಾನಿಯನ್ನು ಕೈಬಿಡುವುದಿಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ. ಎಡ ಕಿಡ್ನಿಯ ಅಭಿಧಮನಿ ಬಲದ್ದಕ್ಕಿಂತ ಉದ್ದವಾಗಿರುವುದರಿಂದ ಹೊಲಿಗೆಗೆ ಅನುಕೂಲ, ಹಾಗಾಗಿ ಸಾಮಾನ್ಯವಾಗಿ ಎಡ ಕಿಡ್ನಿಯನ್ನೇ ಆರಿಸುತ್ತಾರೆ. ಕಿಡ್ನಿಯೊಳಗೆ ಅಭಿಧಮನಿಗಳು ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಆದ್ದರಿಂದ ದೊಡ್ಡ ಕವಲನ್ನು ಉಳಿಸಿಕೊಂಡು ಚಿಕ್ಕದನ್ನು ಕಟ್ಟಿದರೂ ರಕ್ತ ಹೊರಬರಲು ದಾರಿ ಇರುತ್ತದೆ. ಅಪಧಮನಿಗಳಲ್ಲಿ ಈ ಅನುಕೂಲವಿಲ್ಲ, ಒಂದನ್ನು ಕಟ್ಟಿದರೆ ಅದು ರಕ್ತ ಕೊಡುತ್ತಿದ್ದ ಭಾಗ ಸಾಯುತ್ತದೆ. ಹೀಗಾಗಿ ನಿಮ್ಮ ವರದಿಯಲ್ಲಿ ಅಪಧಮನಿ ಎಷ್ಟಿವೆ ಎಂಬ ಸಾಲನ್ನೂ ವೈದ್ಯರು ಅಷ್ಟೇ ಗಮನವಿಟ್ಟು ಓದುತ್ತಾರೆ. ವರದಿಯ ಹಾಳೆಯ ಜೊತೆಗೆ ಸಿ.ಡಿ.ಯನ್ನೂ ತೆಗೆದುಕೊಂಡು ಹೋಗಿ. ಮೂತ್ರದಲ್ಲಿ ಎಂದಾದರೂ ರಕ್ತ ಕಂಡಿದ್ದರೆ, ಎಡ ಪಕ್ಕೆಯಲ್ಲಿ ಬಿಟ್ಟು ಬಿಟ್ಟು ನೋವು ಬರುತ್ತಿದ್ದರೆ, ಸಣ್ಣದೆಂದು ಮುಚ್ಚಿಡದೆ ಹೇಳಿ. ಹಿಂದಿನ ಕವಲು ಮಹಾಪಧಮನಿ ಮತ್ತು ಬೆನ್ನುಮೂಳೆಯ ನಡುವೆ ಒತ್ತಿಕೊಂಡರೆ ಕೆಲವರಲ್ಲಿ ಹೀಗಾಗುವುದುಂಟು.

ಮಕ್ಕಳಿಗೆ ಸ್ಕ್ಯಾನ್ ಬೇಡ. ಇದು ಸಾಮಾನ್ಯವಾಗಿ ತಾಯಿಯಿಂದ ಮಕ್ಕಳಿಗೆ ಬರುವಂಥದ್ದಲ್ಲ. ಏನೂ ತೊಂದರೆಯಿಲ್ಲದ ಮಕ್ಕಳಿಗೆ ಸಿ.ಟಿ.ಯ ವಿಕಿರಣ ತಾಗಿಸಲು ಕಾರಣವಿಲ್ಲ.

ಪ್ರಶ್ನೆ (ಮೈಸೂರಿನಿಂದ ಇನ್ನೊಬ್ಬ ಸದಸ್ಯರು):
ಮೇಡಂ, ನಮ್ಮ ತಂದೆಯವರಿಗೆ 72 ವರ್ಷ. ಎಡ ಭುಜದ ಕಡೆಯಿಂದ ಪೇಸ್‌ಮೇಕರ್ ಅಳವಡಿಸುವಾಗ ಒಂದು ಗಂಟೆಯ ಕೆಲಸ ಮೂರು ಗಂಟೆ ಹಿಡಿಯಿತು. ಎಡಗಡೆ ಇರಬಾರದ ಒಂದು ದೊಡ್ಡ ರಕ್ತನಾಳವಿದೆ ಎಂದು ಆಮೇಲೆ ತಿಳಿಸಿದರು. ಇಷ್ಟು ವರ್ಷ ಯಾರಿಗೂ ಕಾಣದ ನಾಳ ಅಂದೇ ಹೇಗೆ ಕಂಡಿತು? ಏನೋ ತಪ್ಪಾಗಿ, ಅದನ್ನು ಮುಚ್ಚಿಡಲು ಹೀಗೆ ಹೇಳಿದರೇ ಎಂಬ ಸಂಶಯ ಮನೆಯವರನ್ನು ಕಾಡುತ್ತಿದೆ.

ಉತ್ತರ:
ನಿಮ್ಮ ಸಂಶಯ ನನಗೆ ಅರ್ಥವಾಗುತ್ತದೆ. ಆದರೆ ಅವರು ಹೇಳಿದ ನಾಳ ನಿಜವಾಗಿ ಇರುವಂಥದ್ದು, ಸುಮಾರು ಇನ್ನೂರು ಮುನ್ನೂರು ಜನರಲ್ಲಿ ಒಬ್ಬರಿಗೆ ಇರುತ್ತದೆ. ಭ್ರೂಣದ ಕುತ್ತಿಗೆಯಿಂದ ಹೃದಯಕ್ಕೆ ಬಲಗಡೆ ಒಂದು, ಎಡಗಡೆ ಒಂದು ಅಭಿಧಮನಿ ಇಳಿಯುತ್ತವೆ. ಎಂಟನೆಯ ವಾರದ ಸುಮಾರಿಗೆ ಎಡದಿಂದ ಬಲಕ್ಕೆ ಅಡ್ಡ ನಾಳವೊಂದು ತೆರೆದುಕೊಂಡು ಎಡಗಡೆಯ ರಕ್ತವನ್ನೂ ಬಲಕ್ಕೆ ಒಯ್ಯುವುದರಿಂದ, ಎಡದ್ದು ಸೊರಗಿ ಹೃದಯದ ಹಿಂಭಾಗದಲ್ಲಿ ಒಂದು ಎಳೆಯಷ್ಟಾಗಿ ಉಳಿಯುತ್ತದೆ. ಇಂಗ್ಲೆಂಡಿನ ಶಸ್ತ್ರವೈದ್ಯ ಜಾನ್ ಮಾರ್ಷಲ್ 1850ರಲ್ಲಿ ಈ ಬದಲಾವಣೆಯನ್ನು ವಿವರಿಸಿದ್ದರಿಂದ ಆ ಉಳಿಕೆಗೆ ಇಂದಿಗೂ ಅವರ ಹೆಸರಿದೆ. ನಿಮ್ಮ ತಂದೆಯವರಲ್ಲಿ ಅದು ಸೊರಗದೆ ಪೂರ್ಣ ನಾಳವಾಗಿಯೇ ಉಳಿದಿದೆ. ಇಂಥವರಲ್ಲಿ ಹೆಚ್ಚಿನವರಿಗೆ ಈ ನಾಳದ ರಕ್ತ ಹೃದಯದ ಹಿಂಬದಿಯಲ್ಲಿರುವ ಕರೋನರಿ ಸೈನಸ್ ಎಂಬ ಅಭಿಧಮನಿಯ ಮೂಲಕ ಹೃದಯದ ಬಲ ಮೇಲ್ಕೋಣೆಗೇ ಸೇರುವುದರಿಂದ ಯಾವ ಲಕ್ಷಣವೂ ಕಾಣುವುದಿಲ್ಲ. ಎಡಗೈ ಕಡೆಯಿಂದ ತಂತಿಯನ್ನು ಹಾಯಿಸಿದ ದಿನವೇ ಅದು ಮೊದಲು ಗೊತ್ತಾಗುವುದು ತೀರ ಸಹಜ. ತಂತಿ ಅಡ್ಡಕ್ಕೆ ದಾಟುವ ಬದಲು ನೇರ ಎಡಕ್ಕೆ ಇಳಿದು, ಹೃದಯದ ಹಿಂದಿನಿಂದ ಬಲ ಮೇಲ್ಕೋಣೆಗೆ ಬಂದು, ಅಲ್ಲಿಂದ ತೀಕ್ಷ್ಣವಾಗಿ ತಿರುಗಿ ಕೆಳಕೋಣೆಗೆ ಹೋಗಬೇಕಾಗುತ್ತದೆ. ಮೂರು ಗಂಟೆ ಹಿಡಿದದ್ದಕ್ಕೆ ಇಷ್ಟೇ ಕಾರಣ ಸಾಕು.

ಕೆಲವೇ ಜನರಲ್ಲಿ ಈ ನಾಳ ಎಡ ಮೇಲ್ಕೋಣೆಗೆ ತೆರೆದುಕೊಂಡಿರುತ್ತದೆ. ಆಗ ಎಡಗೈಯ ಡ್ರಿಪ್‌ನಲ್ಲಿ ಗಾಳಿಯ ಗುಳ್ಳೆ ಸೇರಿದರೆ ಅದು ಮಿದುಳಿನವರೆಗೂ ಹೋಗುವ ಭಯವಿದೆ. ನಿಮ್ಮ ತಂದೆಯವರದು ಎಲ್ಲಿಗೆ ಸೇರಿದೆ ಎಂದು ಹೃದಯದ ವೈದ್ಯರನ್ನು ನೇರವಾಗಿ ಕೇಳಿ. ಎಡಗೈಗೆ ಗುಳ್ಳೆಗೂಡಿಸಿದ ಸಲೈನ್ ಕೊಟ್ಟು ಎಕೋ ಮಾಡಿದರೆ ತಿಳಿಯುತ್ತದೆ. ಉತ್ತರವನ್ನು ಪೇಸ್‌ಮೇಕರ್ ಕಾರ್ಡಿನ ಜೊತೆಗೆ ಒಂದು ಚೀಟಿಯಲ್ಲಿ ಬರೆದಿಡಿ. ಮುಂದೆ ಯಾವ ಆಸ್ಪತ್ರೆಗೆ ಹೋದರೂ ಆ ಚೀಟಿಯನ್ನು ಮೊದಲು ತೋರಿಸಿ.

ಪ್ರಶ್ನೆ (ನರ್ಸಿಂಗ್ ವಿದ್ಯಾರ್ಥಿನಿ, ಮಂಡ್ಯ):
ಮೇಡಂ, ಹೊಕ್ಕುಳಬಳ್ಳಿಯ ಅಭಿಧಮನಿಯೂ ಮೊದಲು ಜೋಡಿಯಾಗಿತ್ತು ಎಂದಿರಿ. ಹಾಗಾದರೆ ಹೆರಿಗೆಯ ಹೊತ್ತಿನಲ್ಲಿ ಒಂದೇ ಯಾಕೆ ಕಾಣುತ್ತದೆ?

ಉತ್ತರ:
ಒಳ್ಳೆಯ ಪ್ರಶ್ನೆ ಮಗು. ಬೆಳೆಯುತ್ತಿರುವ ಯಕೃತ್ತು ಆ ಎರಡು ನಾಳಗಳನ್ನೂ ಸುತ್ತಿಕೊಳ್ಳುತ್ತದೆ. ಎರಡನೆಯ ತಿಂಗಳಲ್ಲಿ ಬಲದ್ದು ಪೂರ್ತಿ ಮಾಯವಾಗಿ ಎಡದ್ದು ಉಳಿಯುತ್ತದೆ. ಮೈಯ ಉಳಿದ ದೊಡ್ಡ ಅಭಿಧಮನಿಗಳಲ್ಲಿ ಬಲದ್ದು ಉಳಿದರೆ ಇಲ್ಲಿ ಎಡದ್ದು ಉಳಿಯುತ್ತದೆ ಎಂಬುದನ್ನು ಪರೀಕ್ಷೆಗಾಗಿಯೂ ನೆನಪಿಟ್ಟುಕೊಳ್ಳಿ. ಹುಟ್ಟಿದ ಮೇಲೆ ಅದು ಮುಚ್ಚಿ, ಹೊಕ್ಕುಳಿನಿಂದ ಯಕೃತ್ತಿಗೆ ಹೋಗುವ ಒಂದು ಹುರಿಯಾಗುತ್ತದೆ. ಮೊದಲ ಕೆಲವು ದಿನ ಪೂರ್ತಿ ಮುಚ್ಚಿರುವುದಿಲ್ಲ. ತುರ್ತಿನಲ್ಲಿ ಎಳೆಯ ಮಗುವಿಗೆ ಅದರ ಮೂಲಕವೇ ಔಷಧ ಕೊಡಲು ಸಾಧ್ಯವಾಗುವುದು ಇದರಿಂದಲೇ. ಬಳ್ಳಿ ಕತ್ತರಿಸಿದ ಮೇಲೆ ತುದಿಯನ್ನು ಹತ್ತಿಯಿಂದ ಒರೆಸಿ ಬೆಳಕಿಗೆ ಹಿಡಿದು ನೋಡಿ. ಬಾಯಿ ಬಿಟ್ಟುಕೊಂಡಿರುವ, ತೆಳು ಗೋಡೆಯ ದೊಡ್ಡ ರಂಧ್ರ ಅಭಿಧಮನಿ. ಬಿಳಿಯ ದಪ್ಪ ಗೋಡೆಯ, ಬಿಗಿದುಕೊಂಡ ಎರಡು ಸಣ್ಣ ಚುಕ್ಕೆಗಳು ಅಪಧಮನಿಗಳು. ಚುಕ್ಕೆ ಒಂದೇ ಇದ್ದರೆ ಅದನ್ನು ಹೆರಿಗೆಯ ದಾಖಲೆಯಲ್ಲಿ ಬರೆದು, ಮಕ್ಕಳ ವೈದ್ಯರಿಗೆ ಅಂದೇ ತಿಳಿಸಿ. ಅವರು ಮಗುವಿನ ಹೃದಯವನ್ನೂ ಕಿಡ್ನಿಯನ್ನೂ ಒಮ್ಮೆ ವಿಶೇಷವಾಗಿ ನೋಡಿಕೊಳ್ಳುತ್ತಾರೆ.